ನಡುಕಕ್ಕೆ ಹೋದ ಅನ್ನ

ಕೊಡಗಿನ ಗಾಳಿಮೊಟ್ಟೆ ಎಂಬ ಊರಿನಲ್ಲಿ ಹೆಣ್ಣುಮಕ್ಕಳ ಒಂದು ಹಾಸ್ಟೆಲ್ ಇತ್ತು. ಬೊಳ್ಳಮ್ಮ ಟೀಚರ್ ಅದರ ವಾರ್ಡನ್. ಎತ್ತರದ ಗುಡ್ಡದ ಓರೆಯ ಮೇಲಿನ ಊರು ಅದು. ಮಳೆಗಾಲವಿಡೀ ಥಂಡಿ, ಕಾರ್ತಿಕ ಕಳೆದರಂತೂ ಗಾಳಿ ಬಾಗಿಲ ಸಂದಿಯಿಂದ ನುಗ್ಗಿ ಮನೆಯೊಳಗೇ ಸಂಸಾರ ಹೂಡುತ್ತಿತ್ತು.

ಟೀಚರ್ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಮೂವತ್ತಾರು ಹುಡುಗಿಯರ ತಲೆಗೂ ವಾರಕ್ಕೊಮ್ಮೆ ತಾವೇ ಎಣ್ಣೆ ಹಚ್ಚುತ್ತಿದ್ದರು. ಜ್ವರ ಬಂದವಳ ಪಕ್ಕ ಕೂತು ಗಂಜಿ ಕುಡಿಸುತ್ತಿದ್ದರು. ಬಡಿಸುವಾಗ ಒಂದು ದಿನವೂ ಕೈ ಬಿಗಿ ಹಿಡಿದವರಲ್ಲ. ಆದರೆ ಅವರದೊಂದು ಗಟ್ಟಿ ನಂಬಿಕೆ ಇತ್ತು. ಚಳಿ ಮಕ್ಕಳನ್ನು ಗಟ್ಟಿ ಮಾಡುತ್ತದೆ, ಬೆಚ್ಚಗೆ ಬೆಳೆದವರು ಮುಂದೆ ಸಣ್ಣ ಗಾಳಿಗೂ ಬಾಗಿಹೋಗುತ್ತಾರೆ ಎಂದು. ಅವರು ಬೆಳೆದದ್ದು ಹುಲ್ಲುಮಾಡಿನ ಒಂದು ಕೋಣೆಯ ಮನೆಯಲ್ಲಿ. ಇಬ್ಬನಿಯಲ್ಲಿ ಬರಿಗಾಲಲ್ಲಿ ನಾಲ್ಕು ಮೈಲಿ ನಡೆದು ಶಾಲೆ ಕಲಿತವರು. ಯಾರಾದರೂ ಎದುರು ಮಾತಾಡಿದರೆ ಅವರ ಬಳಿ ಒಂದೇ ಉತ್ತರ ಇತ್ತು: ನಾನು ಬೆಳೆಯಲಿಲ್ಲವೇ?

ಹೀಗಾಗಿ ಹಾಸ್ಟೆಲಿನಲ್ಲಿ ಬೆಳಗಿನ ಸ್ನಾನ ತೊಟ್ಟಿಯ ತಣ್ಣೀರಿನಲ್ಲಿ. ಒಬ್ಬೊಬ್ಬರಿಗೆ ಒಂದೊಂದೇ ಕಂಬಳಿ. ಮಲಗುವ ಕೋಣೆಯ ಕಿಟಕಿಗಳನ್ನು ಮುಚ್ಚುವಂತಿಲ್ಲ. ಒಬ್ಬಳ ಮಂಚಕ್ಕೆ ಇನ್ನೊಬ್ಬಳು ಹೋಗುವಂತಿಲ್ಲ. ಟೀಚರ್ ತಾವೂ ತಣ್ಣೀರಲ್ಲೇ ಮೀಯುತ್ತಿದ್ದರು, ಒಂದೇ ಕಂಬಳಿ ಹೊದೆಯುತ್ತಿದ್ದರು. ಅದಕ್ಕೇ ಅವರನ್ನು ಯಾರೂ ದೂರುವಂತಿರಲಿಲ್ಲ. ಊರಿನವರೂ ಹಾಸ್ಟೆಲಿನ ಕಮಿಟಿಯವರೂ ಅವರ ಶಿಸ್ತನ್ನು ಹೊಗಳುತ್ತಿದ್ದರು.

ಆ ವರ್ಷ ನವೆಂಬರಿನಲ್ಲಿ ಮಕ್ಕಳನ್ನು ತೂಗಲು ಬಂದ ನರ್ಸ್, ತೂಕದ ಪುಸ್ತಕ ತಿರುವುತ್ತಾ ಕೂತುಬಿಟ್ಟರು. ಸಣ್ಣ ಹುಡುಗಿಯರು ಜೂನ್‌ನಲ್ಲಿ ಎಷ್ಟಿದ್ದರೋ ಈಗಲೂ ಅಷ್ಟೇ ಇದ್ದಾರೆ, ಊಟ ಸರಿಯಾಗಿ ಸಿಗುತ್ತಿದೆಯೇ ಎಂದು ಕೇಳಿದರು. ಟೀಚರಿಗೆ ಆ ಪ್ರಶ್ನೆ ಚುಚ್ಚಿತು. ಮಾರನೆಯ ದಿನದಿಂದಲೇ ಎಲ್ಲರಿಗೂ ಒಂದು ಮೊಟ್ಟೆ, ಒಂದು ಅಕ್ಕಿರೊಟ್ಟಿ, ಸಂಜೆಗೆ ಕಡಲೆಕಾಯಿ ಉಂಡೆ ಹೆಚ್ಚು ಮಾಡಿಸಿದರು. ಹುಡುಗಿಯರು ತಟ್ಟೆ ತೊಳೆದಿಟ್ಟ ಹಾಗೆ ತಿಂದು ಮುಗಿಸುತ್ತಿದ್ದರು. ಅದರಲ್ಲೂ ಹುಣಸೂರಿನ ಕಡೆಯಿಂದ ಬಂದಿದ್ದ ಏಳು ವರ್ಷದ ಮಾದೇವಿ ದೊಡ್ಡವರಿಗೆ ಸಮನಾಗಿ ಉಣ್ಣುತ್ತಿದ್ದಳು. ಆದರೂ ತಿಂಗಳು ಕಳೆಯುವಷ್ಟರಲ್ಲಿ ಅವಳ ಲಂಗ ಸೊಂಟದ ಮೇಲೆ ನಿಲ್ಲದೆ ಜಾರತೊಡಗಿತು. ಇಷ್ಟೆಲ್ಲ ಉಂಡದ್ದು ಎಲ್ಲಿಗೆ ಹೋಗುತ್ತಿದೆ ಎಂದು ಟೀಚರ್ ದಿನವೂ ತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು. ಮಾದೇವಿಯ ಮೇಲೆ ಇನ್ನೊಂದು ದೂರೂ ಇತ್ತು. ಎರಡು ಸಲ ಅವಳು ಪಕ್ಕದ ಮಂಚದ ಪೊನ್ನಿಯ ಕಂಬಳಿಯೊಳಗೆ ಸಿಕ್ಕಿಬಿದ್ದಿದ್ದಳು. ಟೀಚರ್ ಅವಳನ್ನು ಎಬ್ಬಿಸಿ, ಸ್ವಂತ ಜಾಗದಲ್ಲಿ ಮಲಗುವುದನ್ನು ಕಲಿಯಬೇಕೆಂದು ಬುದ್ಧಿ ಹೇಳಿ, ತಣ್ಣಗಾಗಿದ್ದ ಅವಳ ಮಂಚಕ್ಕೇ ಕಳಿಸಿದ್ದರು.

ಹಾಸ್ಟೆಲಿನ ಹಿಂದೆ ಒಂದು ಹಂದಿಗೂಡು. ಅಡುಗೆಮನೆಯ ಕಲಗಚ್ಚು, ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲ ಹೋಗುತ್ತಿದ್ದದ್ದು ಅಲ್ಲಿಗೆ. ಅದನ್ನು ನೋಡಿಕೊಳ್ಳುತ್ತಿದ್ದವರು ಬಿದ್ದಪ್ಪ. ಎಪ್ಪತ್ತರ ಹತ್ತಿರದ ವಯಸ್ಸು, ನಲವತ್ತು ವರ್ಷ ಹಂದಿ ಸಾಕಿದ ಕೈ. ಮನುಷ್ಯರ ಜೊತೆ ಮಾತು ಕಡಿಮೆ, ಹಂದಿಗಳ ಜೊತೆ ಮಾತ್ರ ಧಾರಾಳ ಎಂದು ಅಡುಗೆಯವರು ನಗುತ್ತಿದ್ದರು.

ಆ ಸಲ ಹೆಣ್ಣುಹಂದಿ ಹತ್ತು ಮರಿ ಹಾಕಿತ್ತು. ಡಿಸೆಂಬರ್ ಮೊದಲ ವಾರ ಮರಿಗಳನ್ನು ಮೊಲೆ ಬಿಡಿಸಿ ತಾಯಿಯಿಂದ ಬೇರೆ ಮಾಡಬೇಕಾಯಿತು. ಬಿದ್ದಪ್ಪ ಆಫೀಸಿನ ಬಾಗಿಲಿಗೆ ಬಂದು ನಿಂತರು. ಮರಿಗಳಿಗೆ ಹಾಸಲು ಎರಡು ಹೊರೆ ಭತ್ತದ ಹುಲ್ಲು, ಗಾಳಿ ಬರುವ ಕಡೆ ತೂಗುಹಾಕಲು ಹಳೆಯ ಗೋಣಿಚೀಲಗಳು ಬೇಕಿತ್ತು ಎಂದರು.

ಟೀಚರ್ ಒಪ್ಪಲಿಲ್ಲ. ಹಂದಿಗೆ ಹಾಸಿಗೆ ಪರದೆ ಎಂದರೆ ಯಾರಾದರೂ ನಕ್ಕಾರು ಎಂದರು. ಅವುಗಳ ತಾಯಿಯನ್ನೇ ನೋಡಿ, ಗಾಳಿಗೆ ಹೊಟ್ಟೆ ಒಡ್ಡಿಕೊಂಡು ಬರಿ ಸಿಮೆಂಟಿನ ಮೇಲೆ ಹಾಯಾಗಿ ಮಲಗಿಲ್ಲವೇ ಎಂದೂ ಕೇಳಿದರು.

"ಅದಕ್ಕೆ ಮೈ ಇದೆ ಟೀಚರೇ," ಎಂದರು ಬಿದ್ದಪ್ಪ. "ಇವು ಇನ್ನೂ ಮೈ ಕಟ್ಟಬೇಕು."

ಟೀಚರ್ ವಿಜ್ಞಾನ ಕಲಿಸಿದವರು. ಮಾತಿಗೆ ಮಾತು ಬೆಳೆಸುವುದಕ್ಕಿಂತ ಮಾಡಿ ನೋಡುವುದೇ ಮೇಲು ಎನ್ನುವವರು. ಐದು ಮರಿಗಳನ್ನು ಬಿದ್ದಪ್ಪ ತಮಗೆ ತಿಳಿದಂತೆ ಹುಲ್ಲು ಹಾಸಿ ಸಾಕಲಿ, ಐದು ಗೂಡಿನ ಬಡಗು ಮೂಲೆಯಲ್ಲಿ ಬರಿ ನೆಲದ ಮೇಲೆ ಬೆಳೆಯಲಿ, ಎರಡು ತಿಂಗಳಿಗೆ ಯಾವುದು ಗಟ್ಟಿ ಎಂದು ನೋಡೋಣ ಎಂದರು. ಬಿದ್ದಪ್ಪನವರಿಗೆ ಅದು ಇಷ್ಟವಾಗಲಿಲ್ಲ. ಬಾಯಿಲ್ಲದ ಮರಿಗಳ ಮೇಲೆ ಪಂಥ ಯಾಕೆ ಎಂದರು. ಆದರೆ ಒಪ್ಪದಿದ್ದರೆ ಹತ್ತೂ ಚಳಿಗೆ ಬೀಳುತ್ತವೆ. ಐದಾದರೂ ಬೆಚ್ಚಗಿರಲಿ ಎಂದು ತಲೆಯಾಡಿಸಿದರು.

ಪರೀಕ್ಷೆ ಎಂದಮೇಲೆ ಅದರಲ್ಲಿ ಮೋಸ ಇರಬಾರದು. ಎರಡು ಕಡೆಗೂ ಒಂದೇ ಬಕೆಟಿನಿಂದ, ಒಂದೇ ಅಳತೆಯ ಕಲಗಚ್ಚು ಮತ್ತು ತವುಡು. ಅಳೆಯುವುದನ್ನು ಟೀಚರ್ ತಾವೇ ವಹಿಸಿಕೊಂಡರು.

ಮೊದಲ ಹತ್ತು ದಿನ ಎರಡು ಕಡೆಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಕಂಡದ್ದು ಟೀಚರ ಪರವಾಗಿಯೇ ಇತ್ತು. ಚಳಿಯ ಮೂಲೆಯ ಮರಿಗಳು ಬಕೆಟಿನ ಸದ್ದು ಕೇಳಿದರೆ ಬೇಲಿಗೆ ಬಂದು ಗುದ್ದುತ್ತಿದ್ದವು. ಬಾನಿಯನ್ನು ಬೆಳ್ಳಗಾಗುವ ತನಕ ನೆಕ್ಕುತ್ತಿದ್ದವು. ಮೈಮೇಲೆ ಕೂದಲು ದಟ್ಟವಾಗಿ ಎದ್ದಿತ್ತು. ಟೀಚರ್ ಬಗ್ಗಿ ಒಂದರ ತೊಡೆ ಒತ್ತಿ ನೋಡಿದರೆ ಮರದ ತುಂಡಿನ ಹಾಗೆ ಗಟ್ಟಿ. ಹುಲ್ಲಿನ ಮೇಲಿನ ಮರಿಗಳೋ ಉಂಡು, ಒಂದಕ್ಕೊಂದು ಒರಗಿ, ಹೊಟ್ಟೆ ಮೇಲೆ ಮಾಡಿ ನಿದ್ದೆ ಹೊಡೆಯುತ್ತಿದ್ದವು. ಅವುಗಳ ತೊಡೆ ಒತ್ತಿದರೆ ಬೆರಳು ಇಳಿಯುತ್ತಿತ್ತು. ಟೀಚರ್ ಮನಸ್ಸಿನಲ್ಲೇ ನಕ್ಕು ಆಫೀಸಿಗೆ ಹೋದರು.

ನಾಲ್ಕನೆಯ ವಾರ ಕಾಫಿ ತೂಗುವ ತಕ್ಕಡಿ ತಂದು, ಮರಿಗಳನ್ನು ಒಂದೊಂದಾಗಿ ಗೋಣಿಯಲ್ಲಿ ಹಾಕಿ ತೂಗಿದರು. ಹುಲ್ಲಿನ ಮರಿಗಳೆಲ್ಲ ಹದಿನೆಂಟು ಕಿಲೋ ದಾಟಿದ್ದವು. ಚಳಿಯ ಮರಿಗಳಲ್ಲಿ ಒಂದೂ ಹದಿನಾಲ್ಕು ಮುಟ್ಟಿರಲಿಲ್ಲ. ಎಲ್ಲಕ್ಕಿಂತ ಸಣ್ಣದು, ಕಿವಿಯ ಮೇಲೆ ಕಪ್ಪು ಮಚ್ಚೆಯದು, ಹನ್ನೊಂದರಲ್ಲೇ ನಿಂತಿತ್ತು.

ಟೀಚರ್ ತಕ್ಕಡಿಯ ಮುಳ್ಳನ್ನು ಎರಡು ಸಲ ನೋಡಿದರು. ತೂಕ ಕಡಿಮೆ ಇರಬಹುದು, ಆದರೆ ಮಾಂಸಖಂಡ ಕಲ್ಲಿನ ಹಾಗಿದೆಯಲ್ಲ, ಗಟ್ಟಿತನ ಎಂದರೆ ಅದೇ ಅಲ್ಲವೇ ಎಂದರು.

ಬಿದ್ದಪ್ಪ ಮರಿಯನ್ನು ಗೋಣಿಯಿಂದ ಬಿಡಿಸಿ ತೋಳಿನ ಮೇಲೆ ಇಟ್ಟುಕೊಂಡರು. ಚಳಿಯಲ್ಲಿ ಬೆಳೆದ ಹಂದಿಯ ಮಾಂಸವನ್ನು ಅವರು ಎಷ್ಟೋ ಸಲ ಕೊಯ್ದು ಕಂಡಿದ್ದರು. ಅದು ಕಡುಗೆಂಪು ಇರುತ್ತದೆ, ಬಿಗಿಯಾಗಿರುತ್ತದೆ, ಕಾಡಿನಲ್ಲಿ ಓಡಾಡುವ ಪ್ರಾಣಿಯ ಮಾಂಸದ ಹಾಗೆ.

"ಇದು ಓಡಿದ ಖಂಡವೇ ಟೀಚರೇ," ಎಂದರು. "ನಡುಗೋದು ಅಂದ್ರೆ ನಿಂತಲ್ಲೇ ಓಡೋದು. ರಾತ್ರಿಯಿಡೀ ಓಡ್ತದೆ, ಎಲ್ಲಿಗೂ ತಲುಪೋದಿಲ್ಲ. ತಿಂದದ್ದೆಲ್ಲ ಆ ಓಟಕ್ಕೆ ಸೌದೆ. ಬೆಳೆಯೋಕೆ ಅಂತ ಉಳಿಯೋದು ಏನು?"

ಟೀಚರ್ ತಮ್ಮ ಹಳೆಯ ಮಾತನ್ನೇ ಹೇಳಿದರು. "ನಾನೂ ಹೀಗೇ ಬೆಳೆದವಳು ಬಿದ್ದಪ್ಪಣ್ಣ. ನಾನು ಉಳಿಯಲಿಲ್ಲವಾ?"

ಬಿದ್ದಪ್ಪ ಟೀಚರ್ ಹುಟ್ಟಿ ಬೆಳೆದ ಕೇರಿಯವರೇ. ಟೀಚರ ತಾಯಿಯನ್ನು ಬಲ್ಲವರು. ಮರಿಯ ಬೆನ್ನು ಸವರುತ್ತಾ ಮೆಲ್ಲಗೆ ಹೇಳಿದರು: "ನೀವು ಉಳಿದಿರಿ. ನಿಮ್ಮ ಅವ್ವ ಹೆತ್ತದ್ದು ಐದು, ಮೂರು ಹೋದವು. ಉಳಿದವರೇ ಅಲ್ವಾ, ಬಂದು ಕಥೆ ಹೇಳೋದು."

ಟೀಚರ್ ಒಳಗೆ ಹೋದರು. ಆ ಮಾತು ಅವರಿಗೆ ಸಿಟ್ಟು ತರಿಸಿತು. ಸಿಟ್ಟಿನಲ್ಲಿ ಮನುಷ್ಯ ಸೋಲನ್ನು ಒಪ್ಪುವುದಿಲ್ಲ. ಎರಡು ತಿಂಗಳು ಎಂದು ಮಾತಾಗಿದೆ, ಎರಡು ತಿಂಗಳೂ ಆಗಲಿ ಎಂದು ಅಡುಗೆಯವರ ಕೈಲಿ ಹೇಳಿ ಕಳಿಸಿದರು. ಬಿದ್ದಪ್ಪ ಮರಿಯನ್ನು ಚಳಿಯ ಮೂಲೆಗೇ ಬಿಟ್ಟರು.

ಜನವರಿ ನಡುವಿನಲ್ಲಿ ಬಿದ್ದಪ್ಪ ನೆಂಟರ ಮದುವೆಗೆಂದು ವಿರಾಜಪೇಟೆಗೆ ಹೋದರು. ಹಂದಿಗಳಿಗೆ ಹಾಕುವ ಕೆಲಸ ಒಂದು ದಿನಕ್ಕೆ ಟೀಚರ ಪಾಲಿಗೆ ಬಂತು. ಬೆಳಕು ಹರಿಯುವ ಹೊತ್ತಿಗೆ ಶಾಲು ಹೊದ್ದು ಬಕೆಟ್ ಹಿಡಿದು ಗೂಡಿಗೆ ಹೋದರು. ದಾರಿಯ ಹುಲ್ಲಿನ ಮೇಲೆಲ್ಲ ಇಬ್ಬನಿ ಉಪ್ಪು ಚೆಲ್ಲಿದಂತೆ ಬಿದ್ದಿತ್ತು. ಚಳಿಯ ಮೂಲೆಯಲ್ಲಿ ನಾಲ್ಕು ಮರಿಗಳು ಒಂದರ ಮೇಲೊಂದು ಏರಿ ಒಂದೇ ಮುದ್ದೆಯಾಗಿ ನಡುಗುತ್ತಿದ್ದವು. ಐದನೆಯದು, ಆ ಕಿವಿಮಚ್ಚೆಯ ಮರಿ, ಮುದ್ದೆಯಿಂದ ಜಾರಿ ಗೋಡೆಯ ಪಕ್ಕ ಒಂಟಿಯಾಗಿ ಮಲಗಿತ್ತು. ಅದು ನಡುಗುತ್ತಿರಲಿಲ್ಲ.

ಟೀಚರಿಗೆ ಮೊದಲು ಅನಿಸಿದ್ದು, ಇದಾದರೂ ಚಳಿಗೆ ಹೊಂದಿಕೊಂಡಿತಲ್ಲ ಎಂದು. ಬಗ್ಗಿ ಕಿವಿ ಮುಟ್ಟಿದರು. ಕಿವಿ ಕಬ್ಬಿಣದ ಹಾಗೆ ತಣ್ಣಗಿತ್ತು. ಮೂತಿ ಎತ್ತಿದರೆ ತಲೆ ಕೈಯಲ್ಲೇ ವಾಲಿತು. ಅದು ಹೊಂದಿಕೊಂಡದ್ದಲ್ಲ, ನಡುಗುವುದಕ್ಕೂ ಅದರಲ್ಲಿ ಏನೂ ಉಳಿದಿಲ್ಲ ಎಂದು ಅವರಿಗೆ ಆಗ ತಿಳಿಯಿತು.

ಬಕೆಟ್ ಅಲ್ಲೇ ಬಿಟ್ಟು, ಮರಿಯನ್ನು ಶಾಲಿನಲ್ಲಿ ಸುತ್ತಿಕೊಂಡು, ಅಡುಗೆಮನೆಗೆ ಓಡಿದರು. ಒಲೆಯ ಮುಂದೆ ಕಾಲು ಮಡಚಿ ಕೂತು ಮಡಿಲಲ್ಲಿ ಇಟ್ಟುಕೊಂಡರು. ಅಡುಗೆಯವರು ಬೆಲ್ಲ ಕದಡಿದ ಬೆಚ್ಚಗಿನ ಗಂಜಿತಿಳಿ ತಂದುಕೊಟ್ಟರು. ಟೀಚರ್ ಅದರಲ್ಲಿ ಬೆರಳು ಅದ್ದಿ ಮರಿಯ ನಾಲಿಗೆಗೆ ಸವರುತ್ತಾ ಹೋದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವರ ಅಂಗೈಯ ಕೆಳಗೆ ತೊಡೆಯಲ್ಲಿ ಸಣ್ಣದೊಂದು ಅದುರು ಎದ್ದಿತು. ಅದು ಬೆನ್ನಿಗೆ ಹಬ್ಬಿತು, ಭುಜಕ್ಕೆ ಹಬ್ಬಿತು. ನೋಡನೋಡುತ್ತಿದ್ದಂತೆ ಇಡೀ ಮರಿ ಹೊಲಿಗೆ ಯಂತ್ರದ ಹಾಗೆ ನಡುಗತೊಡಗಿತು. ಒಂದೊಂದು ಖಂಡವೂ ಬಿಗಿದು ಸಡಿಲಿ, ಬಿಗಿದು ಸಡಿಲಿ, ಒಂದು ಕ್ಷಣವೂ ನಿಲ್ಲದೆ ದುಡಿಯುತ್ತಿತ್ತು. ಕಾಲು ಗಂಟೆ ಹಿಡಿದು ಕೂರುವಷ್ಟರಲ್ಲಿ ಟೀಚರ ಕೈಯೇ ದಣಿಯಿತು. ಈ ಮರಿ ಒಂದೂವರೆ ತಿಂಗಳಿನಿಂದ ರಾತ್ರಿಯಿಡೀ ಹೀಗೆ ದುಡಿದಿದೆ. ಬಕೆಟಿನಲ್ಲಿ ಅಳೆದು ಹಾಕಿದ ತವುಡು, ಕಲಗಚ್ಚು, ಎಲ್ಲವನ್ನೂ ಹೀಗೆ ಸುಟ್ಟುಕೊಂಡಿದೆ.

ಅಷ್ಟರಲ್ಲಿ ಅವರಿಗೆ ಮಾದೇವಿಯ ನೆನಪಾಯಿತು.

ಮರಿಯನ್ನು ಅಡುಗೆಯವರ ಕೈಗೆ ಕೊಟ್ಟು ಎದ್ದರು. ಏಳುವ ಗಂಟೆ ಬಾರಿಸುವ ಹೊತ್ತಾಗಿತ್ತು, ಬಾರಿಸಲಿಲ್ಲ. ಮಲಗುವ ಕೋಣೆಯ ಬಾಗಿಲು ಸದ್ದಾಗದಂತೆ ತೆರೆದರು. ಕಿಟಕಿಗಳೆಲ್ಲ ಅವರು ಹೇಳಿದ್ದಂತೆಯೇ ತೆರೆದಿದ್ದವು. ಹುಡುಗಿಯರು ಮಂಡಿಯನ್ನು ಎದೆಗೆ ಒತ್ತಿಕೊಂಡು ಕಂಬಳಿಯೊಳಗೆ ಗಂಟಾಗಿದ್ದರು. ಮಾದೇವಿಯ ಮಂಚ ಖಾಲಿ. ಪಕ್ಕದ ಮಂಚದಲ್ಲಿ ಮೂರು ಜನ, ಮೂರು ಕಂಬಳಿ, ಒಬ್ಬರಿಗೊಬ್ಬರು ಅಂಟಿಕೊಂಡು ಒಂದೇ ಮುದ್ದೆ. ಮಾದೇವಿ ಅಂಚಿನಲ್ಲಿದ್ದಳು. ಅವಳ ಬೆನ್ನು ಅರ್ಧ ಹೊರಗಿತ್ತು.

ಟೀಚರ್ ಅವಳ ಮೀನಖಂಡದ ಮೇಲೆ ಕೈ ಇಟ್ಟರು. ಮಗು ಗಾಢ ನಿದ್ದೆಯಲ್ಲಿತ್ತು, ಆದರೆ ಕಾಲು ನಿದ್ದೆ ಮಾಡಿರಲಿಲ್ಲ. ಈಗಷ್ಟೇ ಮಡಿಲಲ್ಲಿ ಹಿಡಿದಿದ್ದ ಅದೇ ನಡುಕ ಅಲ್ಲಿಯೂ ಇತ್ತು.

ಅವರು ತಮ್ಮ ಶಾಲನ್ನು ಆ ಮೂವರ ಮೇಲೆ ಹೊದಿಸಿದರು. ಒಂದೊಂದೇ ಕಿಟಕಿ ಮುಚ್ಚಿದರು. ಹೊರಗೆ ಬಂದು, ಬಚ್ಚಲಿನ ಎರಡು ದೊಡ್ಡ ಹಂಡೆಗಳಿಗೆ ನೀರು ತುಂಬಿ, ತಾವೇ ಸೌದೆ ಒಟ್ಟಿ ಬೆಂಕಿ ಹಚ್ಚಿದರು.

ಆ ದಿನ ಗಂಟೆ ಒಂದು ತಾಸು ತಡವಾಗಿ ಮೊಳಗಿತು. ಬಿಸಿಲು ಕಂಡು ಹೆದರಿ ಎದ್ದ ಹುಡುಗಿಯರು ಬಚ್ಚಲಿನಲ್ಲಿ ಹಬೆ ಕಂಡು ಇನ್ನೂ ಹೆದರಿದರು. ತಿಂಡಿಗೆ ಕೂತಾಗ ಟೀಚರ್ ಎದ್ದು ನಿಂತರು.

"ನಾನು ನಿಮಗೆ ಹೊಟ್ಟೆ ತುಂಬ ಹಾಕಿದೆ ಅಂದುಕೊಂಡಿದ್ದೆ," ಎಂದರು. "ನೀವು ಉಂಡದ್ದನ್ನೆಲ್ಲ ಚಳಿ ಉಣ್ಣುತ್ತಿತ್ತು. ನನಗದು ಕಾಣಲಿಲ್ಲ. ತಪ್ಪು ನನ್ನದು."

ದೊಡ್ಡ ಹುಡುಗಿಯರು ತಟ್ಟೆ ನೋಡುತ್ತಾ ಕೂತರು. ಟೀಚರ್ ತಪ್ಪು ಎಂದದ್ದನ್ನು ಅವರು ಮೊದಲ ಸಲ ಕೇಳಿದ್ದರು. ಮಾದೇವಿ ಮಾತ್ರ ಕೈ ಎತ್ತಿ, ಇವತ್ತು ರಾತ್ರಿ ಪೊನ್ನಿಯ ಹತ್ತಿರ ಮಲಗಬಹುದೇ ಎಂದು ಕೇಳಿದಳು. ಎರಡನೆಯ ಕಂಬಳಿ ಬರುವ ತನಕ ಮಲಗಬಹುದು, ಆದರೆ ನಡುವೆ ಮಲಗಬೇಕು ಎಂದರು ಟೀಚರ್.

ಮರುದಿನ ಬಿದ್ದಪ್ಪ ಮದುವೆಯಿಂದ ಬಂದು ನೋಡಿದರೆ ಹತ್ತು ಮರಿಗಳೂ ಹುಲ್ಲಿನ ಮೇಲಿದ್ದವು, ಗಾಳಿಯ ಕಡೆಗೆ ಗೋಣಿ ತೂಗುತ್ತಿತ್ತು. ಟೀಚರ್ ಗೂಡಿನ ಮೋಟುಗೋಡೆಯ ಮೇಲೆ ಕೂತಿದ್ದರು. ಪಂಥ ಮುಗಿಯಿತು ಎಂದಷ್ಟೇ ಹೇಳಿದರು. ಬಿದ್ದಪ್ಪ ಗೆದ್ದವರ ಹಾಗೆ ನಗಲಿಲ್ಲ. ಕಿವಿಮಚ್ಚೆಯ ಮರಿಯನ್ನು ಎತ್ತಿ ಹೊಟ್ಟೆ ಒತ್ತಿ ನೋಡಿ, ಬದುಕುತ್ತದೆ ಎಂದರು.

ಆಗ ಟೀಚರ್ ಕೇಳಿದರು: "ಅವ್ವನ ಆ ಮೂರು ಮಕ್ಕಳ ಹೆಸರು ನಿಮಗೆ ನೆನಪಿದೆಯಾ?"

ಒಬ್ಬನನ್ನು ಚೆಂಗಪ್ಪ ಎಂದು ಕರೆಯುತ್ತಿದ್ದರು, ನಡೆಯಲು ಕಲಿತಿದ್ದ ಎಂದರು ಬಿದ್ದಪ್ಪ. ಉಳಿದಿಬ್ಬರಿಗೆ ಹೆಸರಿಡುವಷ್ಟು ದಿನ ಆಗಿರಲಿಲ್ಲ. ಮೂವರೂ ಹೋದದ್ದು ಧನುರ್ಮಾಸದಲ್ಲಿ. ಟೀಚರ್ ತಲೆಯಾಡಿಸಿದರು. ತಮ್ಮ ಗಟ್ಟಿತನದ ಕಥೆಯನ್ನು ಅವರು ಊರಿಗೆಲ್ಲ ಹೇಳಿದ್ದರು. ಆ ಕಥೆಯಲ್ಲಿ ಈ ಮೂವರು ಒಮ್ಮೆಯೂ ಬಂದಿರಲಿಲ್ಲ.

ಕಮಿಟಿಗೆ ಟೀಚರ್ ಪತ್ರ ಬರೆದರು. ಕಂಬಳಿ ಬೇಕು, ಸೌದೆ ಬೇಕು, ಯಾಕೆ ಬೇಕು ಎಂದರೆ ನಾನು ಇಷ್ಟು ವರ್ಷ ತಪ್ಪು ತಿಳಿದಿದ್ದೆ ಎಂದು ಒಂದನ್ನೂ ಮುಚ್ಚಿಡದೆ ಬರೆದರು. ಕಮಿಟಿಯ ಅಧ್ಯಕ್ಷರು ಬಂದರು. ನಿಮ್ಮ ಶಿಸ್ತಿಗೇ ಈ ಹಾಸ್ಟೆಲಿಗೆ ಹೆಸರು ಬಂದದ್ದು, ಈಗ ನೀವೇ ಮಕ್ಕಳನ್ನು ಮೆತ್ತಗೆ ಮಾಡುತ್ತೀರಾ ಎಂದರು. ಟೀಚರ್ ವಾದ ಮಾಡಲಿಲ್ಲ. ಅವರನ್ನು ಗೂಡಿಗೆ ಕರೆದುಕೊಂಡು ಹೋಗಿ, ಈ ಹತ್ತೂ ಒಂದೇ ದಿನ ಹುಟ್ಟಿದವು, ಒಂದೇ ಬಕೆಟಿನಿಂದ ತಿಂದವು ಎಂದರು. ಅಧ್ಯಕ್ಷರು ದೊಡ್ಡ ಮರಿಗಳನ್ನು ನೋಡಿದರು, ಸಣ್ಣವನ್ನು ನೋಡಿದರು. ಕಿವಿಮಚ್ಚೆಯದು ಅವರ ಬೂಟಿನ ದಾರವನ್ನು ಜಗಿಯುತ್ತಾ ನಿಂತಿತ್ತು. ಇದೂ ಅದೇ ಸೂಲಿನದೇ ಎಂದು ಎರಡು ಸಲ ಕೇಳಿದರು. ಆ ವಾರವೇ ಕಂಬಳಿಗಳು ಬಂದವು.

ಮಾರ್ಚಿನಲ್ಲಿ ನರ್ಸ್ ಬಂದು ತೂಗಿದಾಗ ಮಾದೇವಿ ಎರಡು ಕಿಲೋ ಏರಿದ್ದಳು. ಉಳಿದ ಸಣ್ಣವರೂ ಏರಿದ್ದರು. ವಿಚಿತ್ರ ಎಂದರೆ ಅಡುಗೆಮನೆಯಲ್ಲಿ ಈಗ ರೊಟ್ಟಿ ಉಳಿಯುತ್ತಿತ್ತು. ಮೊದಲಿನಷ್ಟು ತಿನ್ನದೆಯೇ ಮಕ್ಕಳು ಬೆಳೆದಿದ್ದರು.

ಚಳಿಯ ಮೂಲೆಯ ನಾಲ್ಕು ಮರಿಗಳು ಬೇಸಿಗೆಯ ಹೊತ್ತಿಗೆ ಒಡಹುಟ್ಟಿದವುಗಳ ಹತ್ತಿರ ಹತ್ತಿರ ಬಂದವು. ಕಿವಿಮಚ್ಚೆಯದು ಬರಲಿಲ್ಲ. ಎಷ್ಟು ತಿನ್ನಿಸಿದರೂ ಅದರ ಬೆಳೆಯುವ ದಿನಗಳು ಕಳೆದುಹೋಗಿದ್ದವು. ಟೀಚರ್ ಅದನ್ನು ಮಾರಲು ಬಿಡಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಹುಡುಗಿಯರು ಬಂದು, ಮಂಜಿನಲ್ಲಿ ಗುಡ್ಡ ಹತ್ತಿ ಬರಬಹುದೇ ಎಂದು ತಾವಾಗಿಯೇ ಕೇಳಿದರು. ಟೀಚರ್ ಬೇಡ ಎನ್ನಲಿಲ್ಲ. ಸಣ್ಣವರೂ ದೊಡ್ಡವರೂ ಬಾಯಿಂದ ಹಬೆ ಬಿಡುತ್ತಾ, ಕೂಗಾಡುತ್ತಾ ಓಡಿದರು. ಮಾದೇವಿ ಎಲ್ಲರಿಗಿಂತ ಮುಂದಿದ್ದಳು. ಟೀಚರ್ ಹಂಡೆಯ ಒಲೆಗೆ ಇನ್ನೆರಡು ಸೌದೆ ಸರಿಸಿ, ಅವರು ಇಳಿದು ಬರುವುದನ್ನು ಕಾಯುತ್ತಾ ಕೂತರು.

ನೀತಿ: ನಡುಗುವ ಜೀವಕ್ಕೆ ಎಷ್ಟು ಉಣಿಸಿದರೂ ಅದು ನಡುಕಕ್ಕೇ ಹೋಗುತ್ತದೆ, ಬೆಳವಣಿಗೆಗೆ ಉಳಿಯುವುದಿಲ್ಲ. ಎಳೆಯರಿಗೆ ಮೊದಲು ಬೆಚ್ಚಗಿನ ಆಸರೆ ಕೊಡಿ, ಗಟ್ಟಿತನ ಮೈ ಬಂದ ಮೇಲೆ ತಾನಾಗಿ ಬರುತ್ತದೆ. ಕಷ್ಟವೇ ನನ್ನನ್ನು ಬೆಳೆಸಿತು ಎನ್ನುವವರು, ಅದೇ ಕಷ್ಟದಲ್ಲಿ ಉಳಿಯದೆ ಹೋದವರನ್ನೂ ಒಮ್ಮೆ ನೆನೆಯಬೇಕು.